‘ಬೋ ತ್ರವಾಯ್’ಗೆ ಕನ್ನಡ ಸಬ್‌ಟೈಟಲ್ ಬರೆದ ಬಗೆ

ಮಾತು ಕಡಿಮೆ ಇರುವ ಚಿತ್ರ, ಸಬ್‌ಟೈಟಲ್ ಕೆಲಸ ಬೇಗ ಮುಗಿಯುತ್ತದೆ ಎಂದುಕೊಂಡೇ ಕೂತೆವು. ಕ್ಲೇರ್ ದೆನಿ ನಿರ್ದೇಶಿಸಿದ 1999ರ ‘ಬೋ ತ್ರವಾಯ್’ ಸುಮಾರು 92 ನಿಮಿಷದ ಫ್ರೆಂಚ್ ಚಿತ್ರ. ಸಾಲುಗಳ ಲೆಕ್ಕ ಹಿಡಿದರೆ ಮಾಮೂಲಿ ಸಂಭಾಷಣೆಯ ಚಿತ್ರಕ್ಕಿಂತ ಎಷ್ಟೋ ಕಮ್ಮಿ. ಆದರೆ ಸಾಲು ಕಮ್ಮಿಯಾದಷ್ಟೂ ಒಂದೊಂದರ ತೂಕ ಏರುತ್ತದೆ. ಬಿಸಿಲು, ಕಲ್ಲು, ಬೆವರಿದ ಮೈ, ನೆರಳು ಇಷ್ಟನ್ನೇ ನಿಮಿಷಗಟ್ಟಲೆ ನೋಡಿ ಹದಕ್ಕೆ ಬಂದ ಕಣ್ಣಿನ ಮುಂದೆ ತಟ್ಟನೆ ಒಂದು ಸಾಲು ಅಕ್ಷರ ಬಂತೆಂದರೆ ಪರದೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವುದು ಅದೇ. ಅಲ್ಲಿ ಪದ ಒಂಚೂರು ತಪ್ಪಿದರೂ ಮುಚ್ಚಿಡಲು ಜಾಗವಿಲ್ಲ.

ಚಿತ್ರ ನೋಡದವರಿಗೆ ಕತೆ ಇಷ್ಟು. ಬೇರೆ ಬೇರೆ ದೇಶದವರನ್ನು ಭರ್ತಿ ಮಾಡಿಕೊಳ್ಳುವ ಫ್ರೆಂಚ್ ಫಾರಿನ್ ಲೀಜನ್ನಿನ ಒಂದು ತುಕಡಿ ಪೂರ್ವ ಆಫ್ರಿಕಾದ ಜಿಬೂತಿಯಲ್ಲಿದೆ. ಯುದ್ಧವಿಲ್ಲ, ಕವಾಯತು, ಒಗೆತ, ಇಸ್ತ್ರಿ, ರಸ್ತೆ ಕೆಲಸ ಇಷ್ಟೇ. ಕಮಾಂಡರ್ ಫೊರೆಸ್ತಿಯೇ ಎಂದರೆ ಅವರ ಕೈಕೆಳಗಿನ ಗಲೂಪ್‌ಗೆ ದೇವರ ಸಮ. ಹೊಸದಾಗಿ ಬಂದ ಸಾಂತೇನ್ ಎಂಬ ಹುಡುಗ ಎಲ್ಲರಿಗೂ ಇಷ್ಟವಾಗುತ್ತಾನೆ, ಕಮಾಂಡರಿಗೂ. ಗಲೂಪ್‌ಗೆ ಅದು ತಡೆಯುವುದಿಲ್ಲ. ಕೆಟ್ಟ ದಿಕ್ಸೂಚಿ ಕೊಟ್ಟು ಹುಡುಗನನ್ನು ಮರುಭೂಮಿಯಲ್ಲಿ ಬಿಟ್ಟುಬರುತ್ತಾನೆ. ಸೇನೆಯಿಂದ ಹೊರಬಿದ್ದು ಮಾರ್ಸೇ ನಗರದಲ್ಲಿ ಕೂತು ಅದನ್ನೆಲ್ಲ ನೆನೆದು ಬರೆಯುತ್ತಾನೆ. ಚಿತ್ರದ ಮಾತಿನ ಬಹುಪಾಲು ಈ ಬರವಣಿಗೆಯ ದನಿಯೇ. ಮೂಲ ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್‌ನ ‘ಬಿಲ್ಲಿ ಬಡ್’. 1891ರಲ್ಲಿ ಆತ ಸತ್ತಾಗ ಅದು ಹಸ್ತಪ್ರತಿಯಾಗಿಯೇ ಉಳಿದಿತ್ತು, ಅಚ್ಚಾದದ್ದು 1924ರಲ್ಲಿ. ಅದೇ ಕತೆಯನ್ನು ಇಂಗ್ಲೆಂಡಿನ ಸಂಗೀತಗಾರ ಬೆಂಜಮಿನ್ ಬ್ರಿಟನ್ 1951ರಲ್ಲಿ ಆಪೆರಾ (ಸಂಗೀತ ನಾಟಕ) ಮಾಡಿದರು. ಆ ಸಂಗೀತ ಈ ಚಿತ್ರದಲ್ಲೂ ಇದೆ. ಕಾದಂಬರಿಯನ್ನು ಮೊದಲು ಓದಿಕೊಂಡದ್ದು ಅನುವಾದಕ್ಕೆ ತುಂಬ ನೆರವಾಯಿತು. ಅಲ್ಲಿ ಕೇಡು ಮಾಡುವವನ ಮನಸ್ಸನ್ನು ಹೊರಗಿನಿಂದ ನೋಡುತ್ತೇವೆ. ಇಲ್ಲಿ ಕೇಡು ಮಾಡಿದವನೇ ಕತೆ ಹೇಳುತ್ತಾನೆ. ಹಾಗಾಗಿ ಪ್ರತಿ ಕನ್ನಡ ವಾಕ್ಯಕ್ಕೂ ತಪ್ಪೊಪ್ಪಿಗೆಯ ಧಾಟಿ ಬೇಕು, ವರದಿಯ ಧಾಟಿಯಲ್ಲ.

ಮೊದಲು ಅನುಮತಿ. ಪ್ರದರ್ಶನದ ಅನುಮತಿ ಬೇರೆ, ಅನುವಾದ ಸೇರಿಸುವ ಅನುಮತಿ ಬೇರೆ. ಹಕ್ಕುದಾರರಿಗೆ ಬರೆಯುವಾಗ ಎರಡನ್ನೂ ಒಂದೇ ಪತ್ರದಲ್ಲಿ ಕೇಳಬೇಕು: ಯಾವ ಭಾಷೆ, ಎಷ್ಟು ಪ್ರದರ್ಶನ, ಎಷ್ಟು ಸೀಟು, ಟಿಕೆಟ್ ಇದೆಯೋ ಇಲ್ಲವೋ, ಸಬ್‌ಟೈಟಲ್ ಪ್ರತ್ಯೇಕ ಫೈಲೋ ಚಿತ್ರದ ಮೇಲೇ ಅಚ್ಚೊತ್ತುವುದೋ. ಕೊನೆಯದನ್ನು ಕೇಳದೆ ಬಿಟ್ಟರೆ ಉತ್ತರ ಬಂದ ಮೇಲೆ ಮತ್ತೆ ಕೇಳಬೇಕಾಗುತ್ತದೆ.

ಆಮೇಲೆ, ತೋರಿಸುವ ಪ್ರತಿ ಯಾವುದೋ ಅದೇ ಪ್ರತಿಯ ಮೇಲೆ, ಪ್ರತಿ ಸಾಲು ಯಾವಾಗ ಬಂದು ಯಾವಾಗ ಹೋಗಬೇಕೆಂಬ ಸಮಯ ಹಾಕಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಯುರೋಪಿನ ಹಳೆಯ ಡಿವಿಡಿಗಳು ಸೆಕೆಂಡಿಗೆ 25 ಫ್ರೇಮಿನವು; ಸಿನಿಮಾ 24ರದು. 92 ನಿಮಿಷದ ಚಿತ್ರ 25ಕ್ಕೆ ಓಡಿದರೆ 88 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಆ ಡಿವಿಡಿಗೆ ಹೊಂದಿಸಿದ ಸಾಲುಗಳನ್ನು 24ರ ಪ್ರತಿಗೆ ಕೂಡಿಸಿದರೆ ಶುರುವಿನಲ್ಲಿ ಸರಿಯಾಗೇ ಕಾಣುತ್ತವೆ, ನಡುವಿಗೆ ಬರುವಾಗ ಸುಮಾರು ಎರಡು ನಿಮಿಷ, ಕೊನೆಗೆ ಮೂರೂಮುಕ್ಕಾಲು ನಿಮಿಷದಷ್ಟು ಮುಂಚೆ ಬರುತ್ತವೆ. ಮೊದಲ ಐದು ನಿಮಿಷ ನೋಡಿ ‘ಸರಿ ಇದೆ’ ಎನ್ನುವವರು ಸಿಕ್ಕಿಬೀಳುವುದು ಇಲ್ಲೇ. ಪರಿಹಾರ ಸರಳ: 25ರಿಂದ 23.976ಕ್ಕೆ (ಹಲವು ಡಿಜಿಟಲ್ ಪ್ರತಿಗಳಲ್ಲಿ 24ರ ಬದಲು ಇರುವ ವೇಗ) ಹೋಗುವುದಾದರೆ ಎಲ್ಲ ಸಮಯವನ್ನೂ 1.0427ರಿಂದ ಗುಣಿಸಬೇಕು. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ಸಾಫ್ಟ್‌ವೇರ್ ಇದನ್ನು ಒಂದೇ ಸಲಕ್ಕೆ ಮಾಡುತ್ತದೆ. 24ಕ್ಕೂ 23.976ಕ್ಕೂ ಏನು ಮಹಾ ವ್ಯತ್ಯಾಸ ಎಂದು ಬಿಡಬಾರದು. ಇಷ್ಟುದ್ದದ ಚಿತ್ರದಲ್ಲಿ ಅದೂ ಐದೂವರೆ ಸೆಕೆಂಡಾಗುತ್ತದೆ. ಮಾತು ಮುಗಿದು ಮೌನ ಕವಿದ ಮೇಲೆ ಐದು ಸೆಕೆಂಡು ತಡವಾಗಿ ಸಾಲು ಮೂಡಿದರೆ ಆ ದೃಶ್ಯ ಕೆಟ್ಟಂತೆಯೇ.

ಅನುವಾದ ಫ್ರೆಂಚಿನಿಂದಲೇ ಆಗಬೇಕು. ಇಂಗ್ಲಿಷ್ ಸಾಲುಗಳು ಈಗಾಗಲೇ ಹಿಂಡಿ ಚಿಕ್ಕದು ಮಾಡಿದವು; ಅದನ್ನು ಇನ್ನೊಮ್ಮೆ ಹಿಂಡಿದರೆ ಸಿಪ್ಪೆ ಉಳಿಯುತ್ತದೆ. ಫ್ರೆಂಚ್ ಬಲ್ಲ ಒಬ್ಬರು, ಫ್ರೆಂಚ್ ಗೊತ್ತಿಲ್ಲದ ಕನ್ನಡದ ಸಂಪಾದಕರೊಬ್ಬರು, ಸಮಯ ಹಾಕುವವರೊಬ್ಬರು, ಹೀಗೆ ಮೂವರು ಇದ್ದರೆ ಸಾಕು. ಎರಡನೆಯವರಿಗೆ ಫ್ರೆಂಚ್ ಗೊತ್ತಿಲ್ಲದಿರುವುದು ಇಲ್ಲಿ ಅನುಕೂಲವೇ. ಮೂಲ ತಿಳಿದವರು ಕನ್ನಡ ವಾಕ್ಯದಲ್ಲಿ ಇಲ್ಲದ ಅರ್ಥವನ್ನೂ ಓದಿಕೊಂಡುಬಿಡುತ್ತಾರೆ.

ಮೊದಲ ತೊಡಕು ಗಲೂಪ್‌ನ ಹುದ್ದೆ. ಫ್ರೆಂಚಿನಲ್ಲಿ ಅವನು ಅಜ್ಯುದಾನ್-ಶೆಫ್. ಕೇಳಿದ ಕೂಡಲೇ ‘ಅಡ್ಜುಟಂಟ್’ ಎಂದು ಬರೆಯುವ ಆಸೆ ಆಗುತ್ತದೆ. ಅದು ತಪ್ಪು. ಇಂಗ್ಲಿಷಿನ ಅಡ್ಜುಟಂಟ್ ಅಧಿಕಾರಿ ವರ್ಗದವನು, ಕಮಾಂಡರಿನ ಪಕ್ಕದಲ್ಲೇ ಕೂರುವವನು. ಫ್ರೆಂಚಿನವನು ಅಧಿಕಾರಿಯಲ್ಲ, ಕೆಳಗಿನಿಂದ ಏರುತ್ತ ಬಂದು ಅಧಿಕಾರಿಗಳ ಹೊಸ್ತಿಲಲ್ಲಿ ನಿಂತವನು. ಚಿತ್ರದ ಅಸೂಯೆಯೆಲ್ಲ ಹುಟ್ಟುವುದು ಆ ಹೊಸ್ತಿಲಿನಲ್ಲೇ. ಮೇಲಿನವರ ಮೆಚ್ಚುಗೆ ಬಿಟ್ಟರೆ ಅವನಿಗೆ ಬೇರೆ ಆಸ್ತಿಯಿಲ್ಲ, ಕೆಳಗಿನವನೊಬ್ಬ ಅದನ್ನು ಸಲೀಸಾಗಿ ಗಳಿಸಿಬಿಡುತ್ತಾನೆ. ‘ಹವಾಲ್ದಾರ್’ ಎಂದರೆ ನಮ್ಮಲ್ಲಿ ಪೊಲೀಸ್ ಠಾಣೆ ನೆನಪಾಗುತ್ತದೆ, ಹುದ್ದೆಯೂ ಕೆಳಗಿಳಿಯುತ್ತದೆ. ‘ಸಾರ್ಜೆಂಟ್’ ಕೂಡ ಕೆಳಗಿನದೇ. ಸ್ಥಾನದ ಲೆಕ್ಕದಲ್ಲಿ ಸರಿಹೊಂದುವುದು ಸುಬೇದಾರ್. ಕೊಡಗಿನಲ್ಲೋ ಬೆಳಗಾವಿಯಲ್ಲೋ ಸೇನೆಯ ನಂಟಿರುವ ಯಾವ ಮನೆಯಲ್ಲಿ ಕೇಳಿದರೂ ಸುಬೇದಾರ್ ಸಾಬ್ ಎಂದರೆ ಯಾರು, ಜವಾನರು ಅವರಿಗೆ ಯಾಕೆ ಅಂಜುತ್ತಾರೆ ಎಂದು ಹೇಳುತ್ತಾರೆ. ಫ್ರೆಂಚ್ ಸೈನಿಕನಿಗೆ ಭಾರತದ ಸಮವಸ್ತ್ರ ತೊಡಿಸಿದ ಹಾಗಾಗುತ್ತದೆಂಬ ಆಕ್ಷೇಪ ನಮ್ಮೊಳಗೇ ಬಂತು, ಅದು ನ್ಯಾಯವಾದದ್ದೇ. ಕೊನೆಗೆ ಅವನು ತನ್ನ ಪರಿಚಯ ಹೇಳಿಕೊಳ್ಳುವ ಕಡೆ ಒಂದು ಸಲ ಮಾತ್ರ ‘ಸುಬೇದಾರ್’ ಇಟ್ಟು, ಉಳಿದೆಡೆ ಬರೀ ಹೆಸರು ಬಳಸಿದೆವು.

ಹೆಸರಿನ ಕಾಗುಣಿತಕ್ಕೂ ಒಂದು ಸಂಜೆ ಹೋಯಿತು. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ‘ಸೆಂಟೈನ್’. ಫ್ರೆಂಚ್ ಬಾಯಲ್ಲಿ ಕೊನೆಯದು ಮೂಗಿನ ಸ್ವರ, ‘ಸಾಂತ್ಯಾಂ’ ಎಂಬಂತೆ. ಆದರೆ ಪದದ ಕೊನೆಯ ಸೊನ್ನೆಯನ್ನು ಕನ್ನಡದವರು ‘ಮ್’ ಎಂದೇ ಓದುವುದು; ‘ಸಾಂತ್ಯಾಮ್’ ಆಗಿಬಿಡುತ್ತದೆ. ಅದಕ್ಕೇ ‘ಸಾಂತೇನ್’ ಎಂದು ನಿಲ್ಲಿಸಿದೆವು. ಕಿವಿಗೆ ಕೇಳುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ತೀರ ದೂರವಾಗಬಾರದು, ಅಷ್ಟೇ.

ಕನ್ನಡ ಕೇಳುವ, ಫ್ರೆಂಚ್ ಕೇಳದ ಒಂದು ಪ್ರಶ್ನೆಯಿದೆ: ಅವನೋ, ಅವರೋ? ಗಲೂಪ್ ತನ್ನ ಕಮಾಂಡರಿನ ಬಗ್ಗೆ ಹೇಳುವಾಗಲೂ ಸಾಂತೇನ್ ಬಗ್ಗೆ ಹೇಳುವಾಗಲೂ ಫ್ರೆಂಚಿನ ಸರ್ವನಾಮ ಒಂದೇ. ನಾವು ಆರಿಸಲೇಬೇಕು, ಆರಿಸಿದ ಕೂಡಲೇ ಅವನ ಮನಸ್ಸು ಬಯಲಾಗುತ್ತದೆ. ಫೊರೆಸ್ತಿಯೇಗೆ ‘ಅವರು’, ಸಾಂತೇನ್‌ಗೆ ‘ಅವನು’ ಎಂದು ಇಟ್ಟೆವು, ಚಿತ್ರದುದ್ದಕ್ಕೂ ಬದಲಿಸಲಿಲ್ಲ. ಒಬ್ಬನೇ ಕೂತು ಬರೆಯುವವನು ಮನಸ್ಸಿನೊಳಗಾದರೂ ‘ಅವನು’ ಎನ್ನಬಾರದೇ ಎಂಬ ಚರ್ಚೆ ನಡೆಯಿತು. ಎನ್ನಲಾರ. ಸೇನೆ ಬಿಟ್ಟ ಮೇಲೂ, ಎಲ್ಲ ಕಳೆದುಕೊಂಡ ಮೇಲೂ ಆ ಬಹುವಚನ ಬಿಡಲಾಗದಿರುವುದೇ ಗಲೂಪ್. ಎಚ್ಚರ ಬೇಕಾದದ್ದು ಒಂದೇ ಕಡೆ: ‘ಅವರು’ ಎಂದರೆ ಇಡೀ ತುಕಡಿ ಎಂದೂ ಆಗಬಹುದು. ಅಂಥಲ್ಲಿ ‘ಹುಡುಗರು’ ಎಂದು ಬಿಡಿಸಿ ಬರೆದೆವು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಒಂದೇ ಒಂದು ಪದ. ಎಲ್ಲರೂ ಸಾಂತೇನ್‌ನತ್ತ ವಾಲುವುದನ್ನು ನೋಡಿ ತನ್ನಲ್ಲಿ ಏನಾಯಿತೆಂದು ಗಲೂಪ್ ಬಾಯಿಬಿಟ್ಟು ಒಪ್ಪಿಕೊಳ್ಳುವ ಜಾಗ ಅದು. ಕನ್ನಡದಲ್ಲಿ ಈ ಭಾವಕ್ಕೆ ಪದಗಳ ಬರವಿಲ್ಲ. ‘ಹೊಟ್ಟೆಕಿಚ್ಚು’ ಬಿಸಿಯಾದ ಪದ, ಆದರೆ ದಾಯಾದಿಗಳ, ನೆರೆಮನೆಯ ವಾಸನೆ ಹೊತ್ತು ಬರುತ್ತದೆ; ಆಸ್ತಿ, ಒಡವೆ, ಮಕ್ಕಳ ಮಾರ್ಕ್ಸು ನೆನಪಾಗುತ್ತವೆ. ‘ಮತ್ಸರ’ ಎಂದರೆ ಅರಿಷಡ್ವರ್ಗದ ಪಟ್ಟಿ, ಪ್ರವಚನದ ಧಾಟಿ. ‘ಕರುಬು’ ನಮ್ಮೆಲ್ಲರಿಗೂ ಪ್ರಿಯವಾದದ್ದು. ‘ನಾನು ಕರುಬಿದೆ’ ಎಂದರೆ ಆರೇ ಅಕ್ಷರ, ಕ್ರಿಯೆ ನೇರ, ಸದ್ದಿನಲ್ಲೇ ಹಲ್ಲು ಕಚ್ಚಿದಂತಿದೆ. ಆದರೆ ತೋರಿಸಿ ಕೇಳಿದಾಗ ಕಿರಿಯರು ಅರ್ಥವಾಗದೆ ತಡವರಿಸಿದರು. ಅರ್ಧ ಸೆಕೆಂಡು ತಡವರಿಸಿದರೂ ಮುಂದಿನ ಚಿತ್ರಿಕೆ ಕಣ್ತಪ್ಪಿ ಹೋಗುತ್ತದೆ. ಹಾಗಾಗಿ ‘ಅಸೂಯೆ’.

ಪದ ಸಿಕ್ಕ ಮೇಲೂ ವಾಕ್ಯ ಸಿಗಲಿಲ್ಲ. ‘ನನಗೆ ಅಸೂಯೆಯಾಯಿತು’ ಎಂದು ಕನ್ನಡ ತಾನಾಗೇ ಹೇಳುತ್ತದೆ. ಚಳಿಯಾಯಿತು, ಹಸಿವಾಯಿತು ಎಂದಂತೆ ಅದು ಅವನಿಗೆ ಬಂದು ತಾಕಿದ್ದು, ಅವನ ತಪ್ಪಲ್ಲ ಎಂಬಂತೆ. ‘ನನ್ನಲ್ಲಿ ಅಸೂಯೆ ಹುಟ್ಟಿತು’ ಎಂದರೂ ಅದೇ ಜಾರಿಕೆ. ತಪ್ಪೊಪ್ಪಿಕೊಳ್ಳುವವನು ‘ನಾನು’ ಎಂದೇ ಶುರುಮಾಡಬೇಕು. ‘ನಾನು ಅಸೂಯೆಪಟ್ಟೆ.’ ಚತುರ್ಥಿ ಬಿಟ್ಟು ಪ್ರಥಮಾ ಹಿಡಿದದ್ದರಿಂದ ಅಪರಾಧ ಅವನ ಹೆಗಲಿಗೆ ಬಂತು. ಇಡೀ ಕೆಲಸದಲ್ಲಿ ನಮಗೆ ಪೂರ್ತಿ ತೃಪ್ತಿ ಕೊಟ್ಟ ಸಾಲು ಇದು.

ಚಿತ್ರದ ಹೆಸರಿಗೆ ‘ಚೆಂದದ ಕೆಲಸ’, ‘ಒಳ್ಳೇ ಕೆಲಸ’ ಎಂಬ ಅರ್ಥ. ಅನರ್ಥ ಮಾಡಿಟ್ಟವನಿಗೂ ನಾವು ‘ಒಳ್ಳೇ ಕೆಲಸ ಮಾಡಿದೆ’ ಎನ್ನುತ್ತೇವೆ. ಮೂಲದಲ್ಲೂ ಆ ಎರಡಲಗು ಇದೆ. ಇದನ್ನು ಹಿಡಿದಿಟ್ಟುಕೊಂಡದ್ದು ಇನ್ನೊಂದು ಕಡೆ ಕೆಲಸಕ್ಕೆ ಬಂತು. ತಾನು ಮೆಟ್ಟಿಲ ಬಳಿ ಸಿಕ್ಕ ಅನಾಥ ಕೂಸು ಎಂದು ಸಾಂತೇನ್ ಹೇಳಿದಾಗ ಕಮಾಂಡರ್ ಕೊಡುವ ಉತ್ತರದಲ್ಲಿ ಹೆಸರಿನಲ್ಲಿರುವ ಅದೇ ವಿಶೇಷಣವಿದೆ, ಸ್ತ್ರೀಲಿಂಗ ರೂಪದಲ್ಲಿ. ‘ಸಿಕ್ಕಿದ್ದು ಒಳ್ಳೇದೇ ಸಿಕ್ಕಿದೆ’ ಎಂದು ಬರೆದೆವು. ‘ಅದೃಷ್ಟ’, ‘ನಿಧಿ’ ಎಂದೆಲ್ಲ ಚೆಂದ ಮಾಡಿದ್ದರೆ ಹೆಸರಿನ ‘ಒಳ್ಳೇ’ಗೂ ಇದಕ್ಕೂ ಇರುವ ನೂಲು ಕಡಿದುಹೋಗುತ್ತಿತ್ತು.

ಫ್ರೆಂಚ್ ವಾಕ್ಯದಲ್ಲಿ ಕ್ರಿಯಾಪದ ಬೇಗ ಬರುತ್ತದೆ, ಕನ್ನಡದಲ್ಲಿ ಕಟ್ಟಕಡೆಗೆ. ಒಂದು ವಾಕ್ಯ ಎರಡು ಸಬ್‌ಟೈಟಲ್‌ಗಳಿಗೆ ಹರಿದಾಗ ಇದು ಕಾಡುತ್ತದೆ: ದನಿ ಹೆಸರು ಹೇಳಿ ಮುಖ ತೋರಿಸಿ ಮುಂದೆ ಹೋದ ಮೇಲೆ ನಮ್ಮ ಸಾಲಿನಲ್ಲಿ ಹೆಸರು ಬರುತ್ತದೆ. ಹಾಗಾಗಿ ಉದ್ದದ ವಾಕ್ಯವನ್ನು ಒಡೆದು ಎರಡು ಪೂರ್ಣ ವಾಕ್ಯ ಮಾಡುವುದು ನಮ್ಮ ನಿಯಮವಾಯಿತು. ಒಂದು ಸಾಲಿಗೆ ಹೆಚ್ಚೆಂದರೆ 22 ಅಕ್ಷರ, ಆದಷ್ಟೂ ಒಂದೇ ಸಾಲು, ಸೆಕೆಂಡಿಗೆ ಎಂಟೊಂಬತ್ತು ಅಕ್ಷರ, ಎಷ್ಟೇ ಚಿಕ್ಕದಾದರೂ ಒಂದೂವರೆ ಸೆಕೆಂಡು ಪರದೆಯ ಮೇಲೆ. ಅಕ್ಷರ ಎಂದದ್ದು ಓದುವವರ ಲೆಕ್ಕದ ಅಕ್ಷರ. ಸಾಫ್ಟ್‌ವೇರ್ ತೋರಿಸುವ ಸಂಖ್ಯೆ ನಂಬಬಾರದು: ‘ಸ್ತ್ರೀ’ ನಮಗೆ ಒಂದು, ಕಂಪ್ಯೂಟರಿನ ಅಕ್ಷರ ಸಂಕೇತವಾದ ಯುನಿಕೋಡ್ ಲೆಕ್ಕದಲ್ಲಿ ಆರು. ಅದು ಕೆಂಪು ಬಣ್ಣದಲ್ಲಿ ‘ವೇಗ ಹೆಚ್ಚಾಯಿತು’ ಎಂದು ಕೂಗಿದ ಸಾಲುಗಳನ್ನೆಲ್ಲ ಚಿಕ್ಕದು ಮಾಡುತ್ತ ಹೋದರೆ ಕನ್ನಡ ತಂತಿ ಸಂದೇಶವಾಗುತ್ತದೆ.

ಬರೆಯದೆ ಬಿಟ್ಟದ್ದೂ ಕೆಲಸವೇ. ಚಿತ್ರ ಶುರುವಾಗುವುದು ಗೋಡೆಯ ಮೇಲಿನ ಸೈನಿಕರ ಚಿತ್ರ, ಲೀಜನ್ನಿನ ಹಾಡಿನಿಂದ. ಆಮೇಲೆ ಕ್ಲಬ್ಬಿನ ಹಾಡು, ಆಪೆರಾದ ಮೇಳ, ಕೊನೆಯಲ್ಲಿ ಡಿಸ್ಕೋ. ಯಾವ ಹಾಡಿನ ಸಾಹಿತ್ಯವನ್ನೂ ಅನುವಾದಿಸಲಿಲ್ಲ. ಕಲ್ಲುದಂಡೆಯಲ್ಲಿ ಗಲೂಪ್ ಮತ್ತು ಸಾಂತೇನ್ ಒಬ್ಬರನ್ನೊಬ್ಬರು ಸುತ್ತುತ್ತ, ಕಣ್ಣು ಕೀಳದೆ ಹತ್ತಿರವಾಗುವ ದೃಶ್ಯವಿದೆ. ಮೇಲೆ ಬೆಂಜಮಿನ್ ಬ್ರಿಟನ್‌ರ ಸಂಗೀತ. ಅಲ್ಲಿ ಕೆಳಗೆ ಅಕ್ಷರ ಬಂದರೆ ಕಣ್ಣು ಅವರ ಕಾಲಿಗೆ ಇಳಿಯುತ್ತದೆ, ಮುಖ ತಪ್ಪುತ್ತದೆ. ‘ಗಾಳಿಯ ಸದ್ದು’, ‘ಉಸಿರು’ ಎಂಬಂಥ ವಿವರಣೆ ಕಿವಿ ಕೇಳದವರ ಪ್ರತಿಗೆ ಬೇಕೇ ಬೇಕು. ಅದನ್ನು ಬೇರೆ ಫೈಲಾಗಿಯೇ ಮಾಡಬೇಕು.

ಇನ್ನು ಅಕ್ಷರದ ರೂಪ. ಛಾಯಾಗ್ರಾಹಕಿ ಅನ್ಯೆಸ್ ಗೋದಾರ್ ಅವರ ಚೌಕಟ್ಟು ಎತ್ತರಕ್ಕೆ ಅಗಲ 1.66ರ ಅನುಪಾತದ್ದು. 1920×1080ರ ಪರದೆಯಲ್ಲಿ ಚಿತ್ರದ ಅಗಲ ಸುಮಾರು 1793 ಪಿಕ್ಸೆಲ್, ಎರಡೂ ಪಕ್ಕ 63ರಷ್ಟು ಕಪ್ಪು. ಕೆಳಗೆ ಕಪ್ಪು ಪಟ್ಟಿಯೇ ಇಲ್ಲ. ಅಕ್ಷರ ಚಿತ್ರದ ಮೇಲೇ ಕೂರಬೇಕು. ಆ ಚಿತ್ರವೋ ಬಿಳಿ. ಸಮುದ್ರಮಟ್ಟಕ್ಕಿಂತ 155 ಮೀಟರ್ ಕೆಳಗಿರುವ ಅಸ್ಸಾಲ್ ಸರೋವರದ ಉಪ್ಪಿನ ದಂಡೆ, ಸುಣ್ಣದಂಥ ನೆಲ, ಒಣಹಾಕಿದ ಬಟ್ಟೆ. ಬಿಳಿ ಅಕ್ಷರ ಉಪ್ಪಿನಲ್ಲಿ ಕರಗಿತು. ಹಿಂದೆ ಕಪ್ಪು ಡಬ್ಬಿ ಹಾಕಿದರೆ ಓದಬಹುದು, ಚಿತ್ರ ಹಾಳು. ಹಳದಿ ಹಾಕಿದರೆ ಆ ಬಣ್ಣಗಳ ನಡುವೆ ಪ್ಲಾಸ್ಟಿಕ್ಕಿನಂತೆ ಕಂಡಿತು. ಕೊನೆಗೆ ಶೇ. 85ರಷ್ಟು ಬೆಳ್ಳಗಿನ ಬೂದು ಬಣ್ಣ, ಸುತ್ತ ಎರಡೂವರೆ ಪಿಕ್ಸೆಲ್ ಕಪ್ಪು ಅಂಚು, ಒಂದು ಪಿಕ್ಸೆಲ್ ನೆರಳು. ಅಂಚನ್ನು ಇನ್ನೂ ದಪ್ಪ ಮಾಡಿದರೆ ಕನ್ನಡದ ಸುಳಿಗಳು ತುಂಬಿಕೊಂಡು ‘ಪ’ ಯಾವುದು ‘ವ’ ಯಾವುದು ಗೊತ್ತಾಗುವುದಿಲ್ಲ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ, ಗಾತ್ರ 54. ಇಂಗ್ಲಿಷಿಗೆ ಸಾಕಾಗುವ ಕೆಳ ಅಂಚು ನಮಗೆ ಸಾಲದು. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸುಮಾರು 15 ಪಿಕ್ಸೆಲ್ ಮೇಲೆತ್ತಬೇಕು. ಎರಡು ಸಾಲಿದ್ದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಒಂದೇ ಸಾಲಿಗೆ ಹಟ ಹಿಡಿದದ್ದಕ್ಕೆ ಇದೂ ಕಾರಣ.

ಫೈಲಿನ ಗಂಡಾಂತರಗಳು ಕನ್ನಡದವರಿಗೆ ಗೊತ್ತಿರುವವೇ. ‘ನುಡಿ’ ಸಾಫ್ಟ್‌ವೇರಿನ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾದದ್ದು ಪ್ಲೇಯರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಮೊದಲೇ ಪರಿವರ್ತಿಸಿ ಅರ್ಕಾವತ್ತು, ದೀರ್ಘಗಳನ್ನು ಕಣ್ಣಿಟ್ಟು ನೋಡಬೇಕು. ಉಳಿಸುವಾಗ ಯುಟಿಎಫ್-8 ಎಂಬ ಯುನಿಕೋಡ್ ಬಗೆ ಆರಿಸದಿದ್ದರೆ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ. ‘ಕ್ಯಾಂಪ್‌ನಲ್ಲಿ’ ಎಂಬುದರ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯಿರುತ್ತದೆ, ‘ರ‍್ಯಾಂಕ್’ನಲ್ಲೂ ಇನ್ನೊಂದು. ಸಾಫ್ಟ್‌ವೇರಿನ ‘ತಪ್ಪು ತಿದ್ದು’ ಗುಂಡಿ ಒತ್ತಿದಾಗ ಅವು ಅಳಿಸಿಹೋಗಬಹುದು. ‘ಕ್ಯಾಂಪ್ನಲ್ಲಿ’, ‘ರ್ಯಾಂಕ್’ ಎಂದು ಬಿದ್ದಿರುತ್ತದೆ. ಸೈನಿಕರ ಚಿತ್ರದಲ್ಲಿ ಈ ಎರಡು ಪದ ತಪ್ಪಿಸಿಕೊಳ್ಳುವುದು ಕಷ್ಟ. ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಪ್ರೊಜೆಕ್ಟರಿನ ಯುಎಸ್‌ಬಿಯಲ್ಲಿ ಒತ್ತು ಬಿಡಿಬಿಡಿಯಾಗಿ, ಕೊಂಬು ಬೇರೆಡೆ ಕೂತು ಕಾಣಬಹುದು. ಅಕ್ಷರ ಜೋಡಿಸುವ ವ್ಯವಸ್ಥೆ ಎಲ್ಲ ಸಾಧನದಲ್ಲೂ ಇರುವುದಿಲ್ಲ. ಇದಕ್ಕೆ ಗಟ್ಟಿ ಉಪಾಯ ಎರಡೇ: ಅನುಮತಿ ಇದ್ದರೆ ಚಿತ್ರದ ಮೇಲೇ ಅಚ್ಚೊತ್ತುವುದು, ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿಯಾದರೆ ಪ್ರತಿ ಸಾಲನ್ನೂ ಪಿಎನ್‌ಜಿ ಚಿತ್ರವಾಗಿ ಕೊಡುವುದು. ಒಂದು ಅಕ್ಷರ ತಿದ್ದಿದರೂ ಮತ್ತೆ ರೆಂಡರ್ ಮಾಡಬೇಕು, ಸಮಯ ಇಟ್ಟುಕೊಳ್ಳಿ.

ಪರೀಕ್ಷೆ ಮೂರು ಸಲ. ಸದ್ದು ಪೂರ್ತಿ ನಿಲ್ಲಿಸಿ ಒಮ್ಮೆ: ಸಾಲುಗಳಷ್ಟೇ ಓದಿದಾಗ ಕನ್ನಡ ಕನ್ನಡವಾಗಿದೆಯೋ ತಿಳಿಯುತ್ತದೆ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಒಮ್ಮೆ: ಉಪ್ಪಿನ ದೃಶ್ಯಗಳಿಗಾಗಿ. ಚಿತ್ರವನ್ನೇ ನೋಡದವರೊಬ್ಬರ ಪಕ್ಕ ಕೂತು ಒಮ್ಮೆ: ಪರದೆ ನೋಡದೆ ಅವರ ಕಣ್ಣು ನೋಡಬೇಕು. ಸಾಲು ಬಂದಾಗ ಕೆಳಗಿಳಿದ ಕಣ್ಣು ಶಾಟ್ ಕತ್ತರಿಸುವ ಮುಂಚೆ ಮೇಲಕ್ಕೆ ಬಾರದಿದ್ದರೆ ಆ ಸಾಲು ಇನ್ನೂ ಉದ್ದವೇ. ನಾವು ಮೂರನೆಯ ಪರೀಕ್ಷೆಯ ನಂತರವೇ ಅತಿ ಹೆಚ್ಚು ಕತ್ತರಿಸಿದ್ದು.

ಕೊನೆಯ ಹತ್ತು ನಿಮಿಷಕ್ಕೆ ಹೆಚ್ಚು ಸಾಲು ಬೇಡ. ಗಲೂಪ್ ಹಾಸಿಗೆಯ ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು ಮಡಚುತ್ತಾನೆ, ಪಿಸ್ತೂಲು ಹಿಡಿದು ಮಲಗುತ್ತಾನೆ. ಎದೆಯ ಮೇಲೆ ಹಚ್ಚೆ: ಒಳ್ಳೆಯ ಧ್ಯೇಯಕ್ಕೆ ಸೇವೆ ಸಲ್ಲಿಸು, ಸಾಯಿ ಎಂಬರ್ಥದ ಐದಾರು ಪದ. ‘ಧರ್ಮ’ ಎಂದರೆ ಬೇರೆಲ್ಲೋ ಹೋಗುತ್ತದೆ, ‘ಸತ್ಕಾರ್ಯ’ ಎಂದರೆ ದತ್ತಿನಿಧಿಯ ಫಲಕ. ‘ಒಳ್ಳೆಯದಕ್ಕೆ ದುಡಿ, ಮಡಿ’ ಎಂದು ಬರೆದೆವು. ಬರೆದ ಮೇಲೆಯೇ ಹೊಳೆದದ್ದು: ಮಡಿ ಎಂದರೆ ಸಾಯಿ, ಮಡಿ ಎಂದರೆ ಒಗೆದ ಬಟ್ಟೆಯ ಶುದ್ಧಿ, ಮಡಿಕೆ ಎಂದರೆ ಇಸ್ತ್ರಿಯ ಗೆರೆ. ಚಿತ್ರದುದ್ದಕ್ಕೂ ಆ ಸೈನಿಕರು ಒಗೆಯುವುದು, ಒಣಹಾಕುವುದು, ಇಸ್ತ್ರಿ ಮಾಡುವುದನ್ನೇ ನೋಡಿದ್ದೇವೆ. ಫ್ರೆಂಚಿನಲ್ಲಿ ಇಲ್ಲದ ಈ ಗಂಟು ಕನ್ನಡದಲ್ಲಿ ತಾನಾಗೇ ಬಿತ್ತು, ಬಿಚ್ಚಲು ಮನಸ್ಸಾಗಲಿಲ್ಲ.

ನಮ್ಮ ಫೈಲು ಅಲ್ಲಿಗೆ ಮುಗಿಯುತ್ತದೆ. ಮುಂದೆ ತೋಳಿನ ನರ ಮಿಡಿಯುವುದು, ಕತ್ತಲ ಕ್ಲಬ್ಬಿನಲ್ಲಿ ಗಲೂಪ್ ಪಾತ್ರದ ನಟ ದೆನಿ ಲವಾನ್ ಒಬ್ಬನೇ ಕುಣಿಯುವುದು. ಅನುವಾದಕರ ಹೆಸರು ಅಲ್ಲಿ ಬರಬಾರದು. ಚಿತ್ರ ಶುರುವಾಗುವ ಮೊದಲು ಬೇರೆ ಸ್ಲೈಡಿನಲ್ಲಿ ಹಾಕಿ. ದೀಪ ಹಾಕುವವರಿಗೆ ಮುಂಚೆಯೇ ಹೇಳಿಡಬೇಕಾದ ಮಾತೂ ಒಂದಿದೆ. ಪರದೆ ಕಪ್ಪಾಗಿ ಕಲಾವಿದರ ಹೆಸರುಗಳು ಬಂದಾಗ ಚಿತ್ರ ಮುಗಿಯಿತೆಂದು ಸ್ವಿಚ್ಚಿಗೆ ಕೈ ಹೋಗುತ್ತದೆ. ಹೋಗಬಾರದು. ಹೆಸರುಗಳಾದ ಮೇಲೆ ಅವನು ಮತ್ತೆ ಕುಣಿಯುತ್ತ ಬರುತ್ತಾನೆ.